ಬಿಳಿಯದಕ್ಕೆ ಪಾಪ, ಕೆಂಚನಿಗೆ ಗೋಣಿ

"ಅಕ್ಕ, ಇನ್ನು ಈ ಮನೆಯಲ್ಲಿ ಒಂದೋ ಆ ಕಂಟಪುಚ್ಚೆ ಇರ್ಬೇಕು, ಇಲ್ಲದಿದ್ರೆ ನಾನು ಇರ್ಬೇಕು. ಯಾರು ಅಂತ ನೀವೇ ಹೇಳಿ."

ನನ್ನ ಓರಗಿತ್ತಿ ಹೀಗೆ ಕೇಳುವಾಗ ಅವಳ ಎರಡು ಬೆರಳುಗಳ ತುದಿಯಲ್ಲಿ ಮೈದುನನ ಬಿಳಿ ಪಂಚೆ ನೇತಾಡುತ್ತಿತ್ತು. ಯಾರದೋ ಮದುವೆಗೆಂದು ಇಸ್ತ್ರಿ ಮಾಡಿ ಕುರ್ಚಿಯ ಬೆನ್ನಿಗೆ ಹಾಕಿಟ್ಟಿದ್ದ ಪಂಚೆ. ಅದರ ಜರಿಯಂಚಿನ ಮೇಲೆ ಅಂಗೈಯಗಲದ ಹಳದಿ ಕಲೆ. ಮೂಗಿಗೆ ಹತ್ತಿರ ಹಿಡಿಯುವ ಅಗತ್ಯವೇ ಇರಲಿಲ್ಲ. ನಾನು ಚಾವಡಿಯ ಈಚೆ ತುದಿಯಲ್ಲಿ ಪೇಪರು ಓದುತ್ತಿದ್ದವಳು, ಅಲ್ಲಿಂದಲೇ ನನ್ನ ಕಣ್ಣು ಉರಿಯಿತು.

ಕಂಟಪುಚ್ಚೆ ಎಂದರೆ ನಮ್ಮ ಕಡೆ ಗಂಡು ಬೆಕ್ಕು. ನಮ್ಮ ಮನೆಯ ಕಂಟಪುಚ್ಚೆ ಬಣ್ಣದಲ್ಲಿ ಕೆಂಚು, ಆದ್ದರಿಂದ ನನ್ನ ಬಾಯಿಗೆ ಕೆಂಚ. ಉಳಿದವರು 'ಅದು' ಎನ್ನುತ್ತಾರೆ, ನಾನು 'ಅವನು' ಎನ್ನುತ್ತೇನೆ. ಈ ವಯಸ್ಸಿನಲ್ಲಿ ನನ್ನನ್ನು ಯಾರೂ ತಿದ್ದಬೇಕಾಗಿಲ್ಲ.

"ನೀನು ಇರು, ಅವನೂ ಇರಲಿ" ಎಂದೆ. "ಪಂಚೆ ನಾನು ಒಗೆದು ಕೊಡ್ತೇನೆ."

"ಒಗೆದ್ರೆ ಹೋಗುವ ವಾಸನೆಯಾ ಇದು?" ಎಂದು ಅವಳು ಪಂಚೆಯನ್ನು ಅಂಗಳಕ್ಕೆ ಎಸೆದಳು.

ಪೆರಾಬೆಯಲ್ಲಿ ರಸ್ತೆಗೆ ತಾಗಿಕೊಂಡೇ ಇರುವ ತಾರಸಿ ಮನೆ ನಮ್ಮದು. ನನ್ನ ಗಂಡ ಮತ್ತು ಅವರ ತಮ್ಮ ಸೇರಿ ಕಟ್ಟಿಸಿದ್ದು. ಗಂಡ ತೀರಿಕೊಂಡ ಮೇಲೂ ಅಡುಗೆಮನೆ ಒಂದೇ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು, ಮೈದುನ ರಬ್ಬರ್ ತೋಟ ನೋಡಿಕೊಳ್ಳುವವನು, ಮನೆ ನಡೆಸುವವಳು ಓರಗಿತ್ತಿ. ಅವರ ಮಕ್ಕಳು ದೂರದ ಊರಲ್ಲಿ, ಮನೆಯಲ್ಲಿ ಉಳಿದ ನಮ್ಮ ಮೂವರ ಜೊತೆ ಐದು ಬೆಕ್ಕು. ಹಾಲಿನಂತೆ ಬಿಳಿಯದೊಂದು, ಅದು ಓರಗಿತ್ತಿಯ ಬಂಗಾರಿ, ಅವಳ ಮಂಚದ ಮೇಲೆಯೇ ಮಲಗುವುದು. ಬಿಳಿಯದರ ಇಬ್ಬರು ಮಗಳಂದಿರು. ಒಂದು ಕಣ್ಣು ಮಸುಕಾದ ಮುದುಕಿ, ದಿನವಿಡೀ ಒಲೆಯ ಹತ್ತಿರ. ಐದನೆಯವನು ಕೆಂಚ. ಅವನನ್ನು ಯಾರೂ ತಂದವರಲ್ಲ. ನನ್ನ ಗಂಡ ತೀರಿಕೊಂಡ ವರ್ಷ, ಹರಿದ ಕಿವಿ, ಮುರಿದ ಬಾಲದ ತುದಿ ಹೊತ್ತುಕೊಂಡು ರಸ್ತೆಯ ಕಡೆಯಿಂದ ನಡೆದುಬಂದ. ಮೆಟ್ಟಿಲು ಹತ್ತಿ, ಅವರ ಈಸಿಚೇರಿನ ಮೇಲೆ ಹಾರಿ ಕುಳಿತು, ನನ್ನನ್ನು ನೋಡಿದ. ಎಬ್ಬಿಸಲು ನನಗೆ ಮನಸ್ಸು ಬರಲಿಲ್ಲ. ಆ ಕುರ್ಚಿ ಖಾಲಿ ಇರುವುದನ್ನು ನೋಡಿ ನೋಡಿ ನನಗೆ ಸಾಕಾಗಿತ್ತು.

ಬೆಕ್ಕು ಸಾಕದವರಿಗೆ ಒಂದು ವಿಷಯ ಹೇಳಬೇಕು. ಮೂತ್ರ ಮಾಡುವುದು ಬೇರೆ, ಹೊಡೆಯುವುದು ಬೇರೆ. ಮೂತ್ರದ ವಿಷಯದಲ್ಲಿ ಬೆಕ್ಕು ಮಹಾ ಮರ್ಯಾದಸ್ಥ. ಮಣ್ಣು ಕೆದಕಿ, ಕುಳಿತು, ಮುಗಿಸಿ, ಮುಚ್ಚಿ, ಏನೂ ಆಗಲಿಲ್ಲ ಎನ್ನುವ ಮುಖ ಮಾಡಿಕೊಂಡು ಬರುತ್ತದೆ. ಹೊಡೆಯುವುದು ಹಾಗಲ್ಲ. ಗೋಡೆಗೋ ಬಾಗಿಲಿಗೋ ಬೆನ್ನು ಹಾಕಿ ನಿಲ್ಲುತ್ತದೆ. ಬಾಲ ನೆಟ್ಟಗೆ ಎತ್ತುತ್ತದೆ, ಬಾಲದ ತುದಿ ಗಡಗಡ ನಡುಗುತ್ತದೆ, ಹಿಂದಿನಿಂದ ಪಿಚಕಾರಿಯ ಹಾಗೆ ಒಂದು ಎರಚು. ಅದು ಅದರ ಸಿಗ್ನೇಚರ್. ಇದು ನನ್ನ ಸ್ಥಳ, ಬೇರೆಯವರು ದೂರ ಇರಿ ಎಂದು ಬರೆದ ಹಾಗೆ. ಇಂಥ ಸಹಿಗಳು ಪಂಚೆ ಹಾಳಾದ ಆ ವರ್ಷ ದೀಪಾವಳಿ ಕಳೆದ ಮೇಲೆ ನಮ್ಮ ಮನೆ ತುಂಬ ಬೀಳತೊಡಗಿದ್ದವು. ಹಿಂಬಾಗಿಲ ಚೌಕಟ್ಟಿಗೆ, ಅಂದರೆ ದಾರಂದಕ್ಕೆ, ಅಕ್ಕಿ ಮೂಟೆಗೆ, ಟಿವಿಯ ಕೆಳಗಿನ ಸ್ಟ್ಯಾಂಡಿಗೆ. ನನ್ನ ಪುಸ್ತಕದ ಕಪಾಟಿನ ಕೆಳಗಿನ ಅಂಕಣದಲ್ಲಿ ದೊಡ್ಡ ಡಿಕ್ಷನರಿ ಉಂಟು. ಅದರ ಬೆನ್ನಿಗೂ ಬಿತ್ತು.

ಓರಗಿತ್ತಿ ಫಿನಾಯಿಲ್ ಹಾಕಿದಳು. ಮೇಲಿಂದ ಸಾಂಬ್ರಾಣಿ ಹಾಕಿದಳು. ಆಮೇಲೆ ಕಡಬದ ಅಂಗಡಿಯಿಂದ ಮಲ್ಲಿಗೆ ಪರಿಮಳದ ಸ್ಪ್ರೇ ತರಿಸಿ ಹೊಡೆದಳು. ಕೊನೆಗೆ ಮನೆಯೊಳಗೆ ಬೆಕ್ಕಿನ ಮೂತ್ರವೇ ಮಲ್ಲಿಗೆ ಮುಡಿದು ಓಡಾಡುತ್ತಿರುವ ಹಾಗಾಯಿತು. ನಾನು ಬಿಂಬುಳಿ ಕಾಯಿ ಕಿವುಚಿ ಉಜ್ಜಿದೆ. ತಾಮ್ರದ ಹಂಡೆ ಬೆಳಗುವ ಹುಳಿ, ದಾರಂದವೂ ಬೆಳಗಿತು. ಒಂದೆರಡು ದಿನ ವಾಸನೆಯೂ ತಗ್ಗಿತು. ಮತ್ತೆ ಅದೇ ಜಾಗಕ್ಕೆ ಹೊಸ ಸಹಿ.

ಹೊಡೆಯುವುದು ಯಾರು ಎಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಐದರಲ್ಲಿ ಒಂದೇ ಗಂಡು, ಅದರಲ್ಲೂ ಹರಿದ ಕಿವಿಯ ಗಂಡು. ಇನ್ನು ವಿಚಾರಣೆ ಎಂತಕ್ಕೆ?

ನಮ್ಮ ಸೀಮೆಯಲ್ಲಿ ಬೆಕ್ಕಿಗೆ ಗಡೀಪಾರು ಶಿಕ್ಷೆ ಕೊಡುವ ಕ್ರಮ ಒಂದುಂಟು. ಹೊಸದಾಗಿ ಬಂದವರಿಗೆ ಹೇಳಿದರೆ ನಂಬುವುದಿಲ್ಲ. ಗೋಣಿಯೊಳಗೆ ಒಣಮೀನಿನ ತುಂಡು ಹಾಕಿ ಬೆಕ್ಕನ್ನು ಒಳಗೆ ಬಿಡುವುದು. ಬಾಯಿ ಕಟ್ಟಿ ಗೋಣಿಯನ್ನು ಅಂಗಳದಲ್ಲಿ ಗರಗರ ತಿರುಗಿಸುವುದು, ದಿಕ್ಕು ತಪ್ಪಲಿ ಎಂದು. ಆಮೇಲೆ ಹೊಳೆ ದಾಟಿಸುವುದು. ಹೊಳೆ ದಾಟಲೇಬೇಕು. ನೀರು ಅಡ್ಡ ಬಂದರೆ ಬೆಕ್ಕಿಗೆ ಮನೆಯ ದಾರಿ ತುಂಡಾಗುತ್ತದೆಯಂತೆ. ಆಚೆ ದಡದಲ್ಲಿ ಮೀನಿನ ಅಂಗಡಿಯೋ ಹೋಟೆಲೋ ಇರುವ ಕಡೆ ಗೋಣಿ ಬಿಚ್ಚಿ, ತಿರುಗಿ ನೋಡದೆ ಬರಬೇಕು. ಕೊಂದದ್ದಲ್ಲ, ಊಟದ ವ್ಯವಸ್ಥೆ ಮಾಡಿಯೇ ಬಿಟ್ಟದ್ದು, ಆದ್ದರಿಂದ ಪಾಪ ತಟ್ಟುವುದಿಲ್ಲ. ಒಳ್ಳೆಯ ಮನೆತನದ, ದೇವರಿಗೆ ಹೆದರುವ ಜನ ಇದನ್ನು ಮಾಡಿ ಬಂದು ಕಾಲು ತೊಳೆದು ಊಟಕ್ಕೆ ಕುಳಿತದ್ದನ್ನು ನಾನು ಕಂಡಿದ್ದೇನೆ.

ಪಂಚೆಯ ಪ್ರಕರಣದ ಮರುದಿನ ಬೆಳಿಗ್ಗೆ ಮೈದುನ ಅಟ್ಟದಿಂದ ಗೋಣಿ ಇಳಿಸಿ ಕೊಡವುತ್ತಿದ್ದ.

"ಎಂತಕ್ಕೆ ಅದು?" ಎಂದು ಕೇಳಿದೆ, ಗೊತ್ತಿದ್ದೂ.

"ಅತ್ತಿಗೆ, ನೀವು ಒಳಗೆ ಹೋಗಿ. ನಿಮ್ಗೆ ಬೇಜಾರಾಗ್ತದೆ."

"ನನಗೆ ಬೇಜಾರಾಗುವುದಿಲ್ಲ. ಸಿಟ್ಟು ಬರ್ತದೆ. ಅದು ಬೇರೆ ಸಬ್ಜೆಕ್ಟ್."

"ಬಿಸು ಹಬ್ಬಕ್ಕೆ ಇವಳ ತವರಿನವರು ಬರುದುಂಟು. ಈ ವಾಸನೆಯಲ್ಲಿ ಅವರಿಗೆ ಪಾಯಸ ಬಡಿಸುದು ಹೇಗೆ? ಒಂದು ಬೆಕ್ಕು ಅತ್ತಿಗೆ, ಬೇರೆ ನಾಲ್ಕು ಉಂಟಲ್ಲ ನಿಮಗೆ."

ಆ ಮಾತು ನನಗೆ ನಾಟಿತು. ಬೇರೆ ನಾಲ್ಕು ಉಂಟಲ್ಲ! ನಾನು ಗೋಣಿಯನ್ನು ಅವನ ಕೈಯಿಂದ ಎಳೆದು, ಮಡಚಿ, ಜಗಲಿಯ ಮೇಲೆ ಹಾಕಿ ಅದರ ಮೇಲೆ ಕುಳಿತೆ. ಸೊಂಟ ನೋವಿನವಳಿಗೆ ಅಷ್ಟು ತಗ್ಗಿನಲ್ಲಿ ಕುಳಿತರೆ ಏಳಲು ಒಬ್ಬರ ಕೈ ಬೇಕು. ಆದರೂ ಕುಳಿತೆ.

"ಈ ಮನೆಯಲ್ಲಿ ನಿನ್ನ ಅಣ್ಣನ ಪಾಲು ಉಂಟಾ ಇಲ್ವಾ?"

"ಅಯ್ಯೋ, ಪಾಲಿನ ಮಾತು ಎಂತಕ್ಕೆ ಈಗ?"

"ಉಂಟಾದರೆ ಅವನು ನನ್ನ ಪಾಲಿನ ಗೋಡೆಗೆ ಹೊಡೆಯಲಿ. ಯಾವುದು ನನ್ನ ಗೋಡೆ ಅಂತ ಗೆರೆ ಎಳೆದು ಕೊಡು, ಅವನಿಗೆ ತೋರಿಸ್ತೇನೆ."

ಒಳಗಿನಿಂದ ಓರಗಿತ್ತಿ, "ಇಂಗ್ಲಿಷ್ ಕಲಿತವರ ಹತ್ರ ಮಾತಾಡಿ ಗೆಲ್ಲುವವರು ಯಾರು ಮಾರಾಯ್ರೆ!" ಎಂದು ಪಾತ್ರೆಗಳಿಗೆ ಹೇಳುವುದು ಕೇಳಿಸಿತು.

ವಾಸನೆ ಎಂಬ ಶಬ್ದದ ಜೊತೆ ನನಗೆ ಹಳೆಯ ಜಗಳ ಉಂಟು. ನನ್ನ ತವರು ಆಲೆಟ್ಟಿ. ಅಪ್ಪ ನನ್ನನ್ನು ಮಂಗಳೂರಿನ ಕಾನ್ವೆಂಟಿಗೆ, ಹಾಸ್ಟೆಲಿಗೆ ಸೇರಿಸಿದಾಗ ನಮ್ಮ ಮನೆಯವರಿಗೆಲ್ಲ ಅದೊಂದು ದೊಡ್ಡ ಸಂಗತಿ. ಮೊದಲ ಸಂಜೆ ಡಾರ್ಮಿಟರಿಯಲ್ಲಿ ನಾನು ಟ್ರಂಕಿನ ಮುಚ್ಚಳ ತೆರೆದ ಕೂಡಲೇ ಪಕ್ಕದ ಮಂಚದ ಹುಡುಗಿ ಮೂಗು ಹಿಡಿದುಕೊಂಡು, "ಸಿಸ್ಟರ್, ದೇರ್ ಇಸ್ ಎ ಸ್ಮೆಲ್" ಎಂದಳು. ನನ್ನ ಬಟ್ಟೆಗೆಲ್ಲ ಸೌದೆಯ ಹೊಗೆಯ ವಾಸನೆ. ನಮ್ಮಲ್ಲಿ ಬಟ್ಟೆ ಒಣಗುತ್ತಿದ್ದುದು ಬಚ್ಚಲೊಲೆಯ ಮೇಲಿನ ಬಿದಿರಿಗೆ. ಅಲ್ಲಿಯವರೆಗೆ ಅದು ವಾಸನೆ ಎಂದೇ ನನಗೆ ಗೊತ್ತಿರಲಿಲ್ಲ. ಅದು ಅಮ್ಮನ ಪರಿಮಳ ಎಂದುಕೊಂಡಿದ್ದೆ. ಸಿಸ್ಟರ್ ಬೈಯಲಿಲ್ಲ. ಬಹಳ ಮೃದುವಾಗಿ, ನಗುತ್ತಲೇ, ನನ್ನ ಎಲ್ಲ ಬಟ್ಟೆಗಳನ್ನು ಮರುದಿನ ಒಗೆಸಿ ಕಾಂಪೌಂಡಿನ ತಂತಿಯ ಮೇಲೆ ಹರವಿಸಿದರು. ಊಟಕ್ಕೆ ಹೋಗುವ ಹುಡುಗಿಯರೆಲ್ಲ ನನ್ನ ಒಳಲಂಗಗಳನ್ನು ದಾಟಿಕೊಂಡು ಹೋದರು. ಆ ಹೊಗೆಯ ಪರಿಮಳ ಮತ್ತೆ ನನ್ನ ಬಟ್ಟೆಗೆ ಬರಲಿಲ್ಲ. ರಜೆಯಲ್ಲಿ ಮನೆಗೆ ಹೋದಾಗ ಅಮ್ಮನನ್ನು ಅಪ್ಪಿಕೊಳ್ಳುವ ಮೊದಲು ನನ್ನ ಮೂಗು ನನಗಿಂತ ಮುಂಚೆ ಹಿಂದೆ ಸರಿಯಿತು. ಎಷ್ಟೋ ವರ್ಷವಾಯಿತು. ಕಾನ್ವೆಂಟು ನನಗೆ ಕೊಟ್ಟದ್ದು ಬಹಳ, ನನ್ನ ಅನ್ನ ಅದು ಕೊಟ್ಟದ್ದೇ. ಆ ಒಂದನ್ನು ಮಾತ್ರ ನಾನು ಕ್ಷಮಿಸಿಲ್ಲ.

ಆದ್ದರಿಂದ ವಾಸನೆಯ ಹೆಸರಿನಲ್ಲಿ ಯಾರನ್ನಾದರೂ ಹೊರಗೆ ಹಾಕುವ ಮಾತು ಬಂದರೆ ನನ್ನ ಬೆನ್ನು ನೆಟ್ಟಗಾಗುತ್ತದೆ. ಅದೂ ನಮ್ಮ ಊರಿನಲ್ಲಿ! ರಬ್ಬರ್ ಶೀಟ್ ತೊಳೆದ ನೀರು ನಿಂತ ಗುಂಡಿಯ ಹತ್ತಿರ ನೀವು ಯಾವತ್ತಾದರೂ ನಡೆದಿದ್ದೀರಾ? ಸತ್ತ ಎಮ್ಮೆಯೂ ಅಷ್ಟು ನಾರುವುದಿಲ್ಲ. ಊರಿಗೆ ಊರೇ ಅದರ ನಡುವೆ ಉಂಡು, ಮಲಗಿ, ಮಕ್ಕಳ ಮದುವೆ ಮಾಡುತ್ತದೆ. ಯಾರೂ ಗೋಣಿ ಹಿಡಿದುಕೊಂಡು ರಬ್ಬರ್ ಮರದ ಹತ್ತಿರ ಹೋದದ್ದಿಲ್ಲ. ಒಂದು ಬೆಕ್ಕಿನ ನಾಲ್ಕು ಹನಿಗೆ ಮಾತ್ರ ಕುಟುಂಬದ ಮರ್ಯಾದೆ ಹೋಗುತ್ತದೆ.

ಇದನ್ನೆಲ್ಲ ನಾನು ಗೋಣಿಯ ಮೇಲೆ ಕುಳಿತೇ ಹೇಳಿದೆ. ಮೈದುನ ತಲೆ ಕೆರೆದುಕೊಂಡ. ಕೊನೆಗೆ ಒಂದು ಒಪ್ಪಂದವಾಯಿತು. ನಾನು ಕೆಂಚನನ್ನು ಪುತ್ತೂರಿಗೆ ಒಯ್ದು ಆಪರೇಷನ್ ಮಾಡಿಸುವುದು, ಬೀಜ ತೆಗೆಸಿದರೆ ಗಂಡು ಬೆಕ್ಕು ಹೊಡೆಯುವುದನ್ನು ಬಿಡುತ್ತದೆ ಎಂದು ಎಲ್ಲೋ ಓದಿದ್ದೆ. ಬಿಸುವಿನೊಳಗೆ ವಾಸನೆ ನಿಂತರೆ ಸರಿ. ನಿಲ್ಲದಿದ್ದರೆ ಗೋಣಿ, ಮತ್ತೆ ನಾನು ಮಾತಾಡುವ ಹಾಗಿಲ್ಲ.

"ಪ್ರಾಮಿಸ್?" ಎಂದು ಓರಗಿತ್ತಿ ಒಳಗಿನಿಂದಲೇ ಕೇಳಿದಳು. ಅವಳಿಗೂ ಬೇಕಾದಾಗ ಇಂಗ್ಲಿಷ್ ಬರುತ್ತದೆ.

"ಪ್ರಾಮಿಸ್" ಎಂದೆ. ಆಮೇಲೆ ಮೈದುನನೇ ಕೈ ಹಿಡಿದು ಎಬ್ಬಿಸಿದ.

ಕೆಂಚನನ್ನು ಮುಚ್ಚಳವಿರುವ ಬೆತ್ತದ ಬುಟ್ಟಿಯಲ್ಲಿ ಹಾಕಿ, ಹಳೆಯ ಸೀರೆಯಿಂದ ಬಿಗಿದು, ಪುತ್ತೂರು ಬಸ್ಸು ಹತ್ತಿದೆ. ಬುಟ್ಟಿಯೊಳಗಿನಿಂದ ಅವನು ತನ್ನ ಅಭಿಪ್ರಾಯವನ್ನು ಬಸ್ಸಿಗೆಲ್ಲ ತಿಳಿಸುತ್ತಿದ್ದ.

"ಎಂತ ಟೀಚರಮ್ಮ, ಬುಟ್ಟಿಯಲ್ಲಿ?" ಎಂದ ಕಂಡಕ್ಟರ್.

"ಪೇಷಂಟ್."

ಶಾಂತಿಮೊಗರು ಸೇತುವೆ ದಾಟಿ ಸ್ವಲ್ಪ ಮುಂದೆ ಹೋದದ್ದೇ ಬಸ್ಸು ನಿಂತಿತು. ಅಲ್ಲಿ ಯಾರೂ ಹತ್ತಲಿಲ್ಲ, ಇಳಿಯಲಿಲ್ಲ. ಕಂಡಕ್ಟರ್ ನನ್ನನ್ನೇ ನೋಡುತ್ತಿದ್ದ.

"ಇಳೀರಿ ಅಮ್ಮ. ಸಂಕ ದಾಟಿತು."

"ನಾನು ಪುತ್ತೂರಿಗೆ ಟಿಕೆಟ್ ತೆಗೆದದ್ದಲ್ವಾ?"

"ಅಷ್ಟು ದೂರ ಎಂತಕ್ಕೆ? ಇಲ್ಲಿ ಬಿಟ್ರೂ ಅದು ವಾಪಸ್ ಬರುದಿಲ್ಲ ಮಾರಾಯ್ರೆ. ಹೊಳೆ ದಾಟಿದ ಮೇಲೆ ಮುಗೀತು. ಎಲ್ರೂ ಇಲ್ಲೇ ಬಿಡುದು, ನಾವು ಒಂದು ನಿಮಿಷ ನಿಲ್ಲಿಸ್ತೇವೆ."

ಅವನ ದನಿಯಲ್ಲಿ ಕೆಟ್ಟತನವಿರಲಿಲ್ಲ. ಮುದುಕಿಗೆ ಸಹಾಯ ಮಾಡುವ ಹುರುಪು ಮಾತ್ರ. ಬೆಕ್ಕು ಹಿಡಿದು ಬಸ್ಸು ಹತ್ತುವವರು ಹೊಳೆಯಾಚೆ ಇಳಿಯುತ್ತಾರೆ ಎಂಬುದು ಆ ಬಸ್ಸಿನ ಮಾಮೂಲು ನಿಯಮ.

"ಇವನನ್ನು ಬಿಡ್ಲಿಕ್ಕೆ ಅಲ್ಲ, ಆಪರೇಷನ್ ಮಾಡಿಸ್ಲಿಕ್ಕೆ ಒಯ್ಯುವುದು. ಮಕ್ಕಳಾಗದ ಆಪರೇಷನ್. ಸಂಜೆ ಇದೇ ಬಸ್ಸಿನಲ್ಲಿ ಇವನು ಮನೆಗೆ ವಾಪಸ್ ಬರ್ತಾನೆ. ರೈಟ್ ಹೇಳಿ" ಎಂದೆ. ಕ್ಲಾಸಿನಲ್ಲಿ ಹಿಂದಿನ ಬೆಂಚಿನವರೆಗೆ ಕೇಳಿಸುವ ನನ್ನ ಹಳೆಯ ಸ್ವರ ಬಂತು.

ಬಸ್ಸು ನಕ್ಕಿತು. ನನ್ನ ಹಿಂದಿನ ಸೀಟಿನ ಹೆಂಗಸು ಮುಂದಕ್ಕೆ ಬಾಗಿ, "ನಮ್ಮ ಯಜಮಾನರಿಗೆ ಮಾಡಿಸಿ ಅಂತ ಹೇಳಿ ಹೇಳಿ ನನಗೆ ಸಾಕಾಯ್ತು. ಕೇಳುದೇ ಇಲ್ಲ ಜನ" ಎಂದಳು.

"ಬುಟ್ಟಿಯಲ್ಲಿ ಹಾಕಿ ತನ್ನಿ, ಒಟ್ಟಿಗೇ ಮಾಡಿಸುವ" ಎಂದೆ.

ಪುತ್ತೂರಿನ ಆ ಕ್ಲಿನಿಕ್ಕಿನ ಡಾಕ್ಟರಮ್ಮ ಮಾತು ಕಡಿಮೆಯವರು. ಕೆಂಚನ ಹಲ್ಲು, ಕಿವಿ, ಹೊಟ್ಟೆ ನೋಡಿದರು.

"ಮನೆಯಲ್ಲಿ ಎಷ್ಟು ಬೆಕ್ಕು?"

"ಐದು."

"ಇದೇ ಹೊಡೆಯುದು ಅಂತ ನೀವು ನೋಡಿದ್ದೀರಾ?"

"ಡಾಕ್ಟ್ರೆ, ಗಂಡು ಇವನೊಬ್ಬನೇ. ಸಿಂಪಲ್ ಲಾಜಿಕ್."

"ಲಾಜಿಕ್ ಬೇಡ. ನೋಡಿದ್ದೀರಾ?"

"ಇಲ್ಲ" ಎಂದೆ.

"ಹೆಣ್ಣೂ ಹೊಡೀತದೆ ಕೆಲವು ಸಲ. ಇರಲಿ, ಆಪರೇಷನ್ ಹೇಗೂ ಒಳ್ಳೆಯದು. ಊರು ಸುತ್ತುದು, ಹೊಡೆದಾಟ ಕಡಿಮೆ ಆಗ್ತದೆ. ಹಳೇ ಅಭ್ಯಾಸ ಹೋಗ್ಲಿಕ್ಕೆ ಸ್ವಲ್ಪ ವಾರ ಹಿಡೀತದೆ."

ಹೆಣ್ಣೂ ಹೊಡೆಯುತ್ತದೆ ಎಂಬ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಸಂಜೆ ಅಮಲಿನಲ್ಲಿ ತೂಗುವ ತಲೆಯನ್ನು ಬುಟ್ಟಿಯ ಅಂಚಿಗೆ ಇಟ್ಟುಕೊಂಡು ಮಲಗಿದ್ದ ಕೆಂಚನನ್ನು ತೊಡೆಯ ಮೇಲಿಟ್ಟುಕೊಂಡು ಹೊಳೆ ದಾಟಿ ಮನೆಗೆ ಬಂದೆ.

ವಾರಗಳು ಕಳೆದವು. ಕೆಂಚ ದಪ್ಪಗಾದ, ಸಾಧುವಾದ, ಈಸಿಚೇರಿನಿಂದ ಇಳಿಯುವುದೇ ಅಪರೂಪವಾಯಿತು. ವಾಸನೆ ಮಾತ್ರ ಇದ್ದಲ್ಲೇ ಇತ್ತು. ಹಿಂಬಾಗಿಲಿನ ಬಳಿ ಹೆಚ್ಚೇ ಆಗಿತ್ತು. ನಾನು ದಿನಾ ಬೆಳಿಗ್ಗೆ ಯಾರೂ ಏಳುವ ಮೊದಲೇ ಬಿಂಬುಳಿ ಹಿಡಿದುಕೊಂಡು ದಾರಂದ ಉಜ್ಜುತ್ತಿದ್ದೆ. ಓರಗಿತ್ತಿ ಎದ್ದು ಬಂದು ಮೂಗು ಒಂದು ಸಲ ಮೇಲೆತ್ತಿ, ಕಾಫಿಗೆ ನೀರಿಡುತ್ತಿದ್ದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಬಿಸು ಹತ್ತಿರ ಬಂತು. ಒಂದು ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆದ ಮೈದುನ ನನ್ನ ಮುಖ ನೋಡದೆ, "ಅತ್ತಿಗೆ, ನಾಳೆ ಬೆಳಿಗ್ಗೆ ಹೊಳೆಯಾಚೆ ಕಬಕದ ಕಡೆ ಹೋಗುದುಂಟು. ಅಲ್ಲಿ ಜಂಕ್ಷನ್‌ನಲ್ಲಿ ಮೀನಿನವರು ಇರ್ತಾರೆ. ಅದಕ್ಕೆ ಎಂತ ತೊಂದರೆ ಆಗುದಿಲ್ಲ" ಎಂದ.

ಪ್ರಾಮಿಸ್ ಮಾಡಿದ ಬಾಯಿ ನನ್ನದು. ಕೆಂಚನನ್ನು ಎತ್ತಿಕೊಂಡು ನನ್ನ ಕೋಣೆಗೆ ಹೋಗಿ ಬಾಗಿಲು ಹಾಕಿ ಚಿಲಕ ಇಳಿಸಿದೆ. ಅವನು ಹಾಸಿಗೆಯ ಮೇಲೆ ನನ್ನ ಕಾಲಿಗೆ ಬೆನ್ನು ಕೊಟ್ಟು ಮಲಗಿದ. ಆ ಮಧ್ಯಾಹ್ನ ನಾನು ನಿದ್ದೆ ಮಾಡಲಿಲ್ಲ. ಅವನ ಹರಿದ ಕಿವಿಯನ್ನು ಸವರುತ್ತಾ, ಕಬಕದ ಜಂಕ್ಷನ್‌ನಲ್ಲಿ ಲಾರಿಗಳ ನಡುವೆ ಇವನು ಎಲ್ಲಿ ಕುಳಿತುಕೊಂಡಾನು ಎಂದು ಯೋಚಿಸುತ್ತಿದ್ದೆ. ಚಹಾದ ಹೊತ್ತಿಗೆ ಹೊರಗೆ ಓರಗಿತ್ತಿಯ ಕೂಗು.

"ನೋಡಿ! ಈಗ ಒರಸಿ ಹೋದದ್ದು ನಾನು, ಈಗ ಪುನಃ! ಹಸಿ ಹಸಿ ಉಂಟು! ಎಲ್ಲಿ ಹೋಯ್ತು ಆ ಅನಿಷ್ಟ?"

ನಾನು ಎದ್ದು ಚಿಲಕ ತೆಗೆದು ಬಾಗಿಲನ್ನು ಪೂರ್ತಿ ತೆರೆದೆ.

"ಇಲ್ಲಿ ಉಂಟು" ಎಂದೆ. "ಊಟ ಆದಾಗಿನಿಂದ ಇಲ್ಲೇ ಉಂಟು. ಬಾ, ನೋಡು."

ಅವಳು ಬಂದು ಹಾಸಿಗೆ ನೋಡಿದಳು. ಕೆಂಚ ಒಂದು ಕಣ್ಣು ತೆರೆದು ಅವಳನ್ನು ನೋಡಿ ಮತ್ತೆ ಮುಚ್ಚಿದ.

"ಕಿಟಕಿಯಿಂದ ಹೋಗಿ ಬಂದಿರ್ಬೇಕು."

"ಕಿಟಕಿಗೆ ಸೊಳ್ಳೆ ನೆಟ್ ಹಾಕಿಸಿದ್ದು ನೀನೇ."

ಆಗ ಡಾಕ್ಟರಮ್ಮನ ಮಾತು ನನ್ನ ತಲೆಗೆ ಹೋಯಿತು. ಲಾಜಿಕ್ ಬೇಡ, ನೋಡಿದ್ದೀರಾ? ಸರಿ, ನೋಡುವ ಎಂದು ಕುರ್ಚಿಯೊಂದನ್ನು ಹಿಂದಿನ ಜಗಲಿಗೆ ಎಳೆದುಕೊಂಡು ಹೋಗಿ, ಪೇಪರು ಬಿಡಿಸಿ ಮುಖಕ್ಕೆ ಅಡ್ಡ ಹಿಡಿದು ಕುಳಿತೆ. ಪರೀಕ್ಷೆಯ ಹಾಲ್‌ನಲ್ಲಿ ಕಾಪಿ ಹೊಡೆಯುವವರನ್ನು ನಾನು ಹೀಗೆಯೇ ಹಿಡಿಯುತ್ತಿದ್ದುದು.

ಹಿಂದಿನ ಜಗಲಿಯಲ್ಲಿ ಬಾಗಿಲಿನ ಪಕ್ಕಕ್ಕೇ ದೊಡ್ಡ ನೀಲಿ ಡ್ರಮ್ ಇತ್ತು. ನಮ್ಮಲ್ಲಿ ರಬ್ಬರ್ ಹಾಲನ್ನು ಹೆಪ್ಪು ಹಾಕಿ ಶೀಟ್ ಮಾಡುವ ದಂಪತಿ ಆ ಸಲ ದೀಪಾವಳಿಗೆ ಕೆಲಸ ಬಿಟ್ಟು ಹೋದ್ದರಿಂದ ಮೈದುನ ಹಾಲನ್ನೇ ಡ್ರಮ್ಮಿನಲ್ಲಿ ತುಂಬಿಸಿ ಮಾರತೊಡಗಿದ್ದ. ಹಾಲು ಗಟ್ಟಿಯಾಗದ ಹಾಗೆ ಅದಕ್ಕೆ ಎಂತದೋ ಮದ್ದು ಬೆರೆಸಿ ಇಡುತ್ತಿದ್ದ. ವಾರಕ್ಕೊಮ್ಮೆ ಪಿಕಪ್ ಬಂದು ಒಯ್ಯುತ್ತಿತ್ತು.

ಬಿಸಿಲು ಅಂಗಳದಿಂದ ಹಿಂದೆ ಸರಿಯುವಾಗ ಬಿಳಿಯದು ಬಂತು. ಓರಗಿತ್ತಿಯ ಮಂಚದಿಂದ ನೇರ ಎದ್ದು ಬಂದ ಹಾಗೆ ಮೈ ಮುರಿಯಿತು. ಡ್ರಮ್ಮಿನ ಹತ್ತಿರ ಹೋಗಿ ಮುಚ್ಚಳದ ಸಂದಿಯಿಂದ ಸೋರಿ ಒಣಗಿದ ಹಾಲನ್ನು ಮೂಸಿತು. ಬಾಯಿ ಅರ್ಧ ತೆರೆದು ಮೂತಿ ಸೊಟ್ಟಗೆ ಮಾಡಿತು. ಆಮೇಲೆ ತಿರುಗಿ ದಾರಂದಕ್ಕೆ ಬೆನ್ನು ಹಾಕಿ ನಿಂತಿತು. ಬಾಲ ನೆಟ್ಟಗಾಯಿತು. ಬಾಲದ ತುದಿ ನಡುಗಿತು.

"ಬಾ ಇಲ್ಲಿ! ಕ್ವಿಕ್!" ಎಂದು ನಾನು ಕೂಗಿದ್ದು ರಸ್ತೆಯವರೆಗೆ ಕೇಳಿಸಿರಬೇಕು. ಓರಗಿತ್ತಿ ಕೈಯಲ್ಲಿ ಸೌಟು ಹಿಡಿದುಕೊಂಡೇ ಓಡಿಬಂದಳು. ಬಿಳಿಯದಕ್ಕೆ ಯಾವ ಗಡಿಬಿಡಿಯೂ ಇಲ್ಲ. ಅವಳ ಕಣ್ಣೆದುರೇ ಎರಡನೆಯ ಸಲ ಎರಚಿ, ಬಾಲ ಇಳಿಸಿ, ಅವಳ ಕಾಲಿಗೆ ಮೈ ಒರಸಿಕೊಂಡು ಒಳಗೆ ಹೋಯಿತು.

ಅವಳು ದಾರಂದ ನೋಡಿದಳು. ಸೌಟು ನೋಡಿದಳು. ಆಮೇಲೆ ಹೇಳಿದಳು:

"ಪಾಪ. ಅದಕ್ಕೆ ಹೊಟ್ಟೆಯಲ್ಲಿ ಎಂತೋ ತೊಂದರೆ ಆಗಿರ್ಬೇಕು."

ನಾನು ಪೇಪರು ಮಡಚಿದೆ. ಇಷ್ಟು ವರ್ಷ ಒಂದೇ ಒಲೆಯ ಮುಂದೆ ಬದುಕಿದವರು ನಾವು. ಅವಳ ಬಾಣಂತನ ನಾನು ಮಾಡಿದ್ದೇನೆ, ನನ್ನ ಗಂಡನ ಕೊನೆಯ ತಿಂಗಳುಗಳಲ್ಲಿ ನನ್ನೊಟ್ಟಿಗೆ ಅವಳು ನಿದ್ದೆಗೆಟ್ಟಿದ್ದಾಳೆ. ಆದರೂ ಆ ಗಳಿಗೆಯಲ್ಲಿ ನನಗೆ ಬಂದ ಸಿಟ್ಟನ್ನು ನಾನು ಬಚ್ಚಿಡುವುದಿಲ್ಲ.

"ಪಾಪ ಅಲ್ವಾ?" ಎಂದೆ. "ಕೆಂಚನಿಗೆ ಗೋಣಿ, ಬಿಳಿಯದಕ್ಕೆ ಪಾಪ. ಅವನಿಗೆ ಯಾಕೆ ಹೊಟ್ಟೆಯಲ್ಲಿ ತೊಂದರೆ ಆಗಿರಬಾರದಿತ್ತು? ಕಿವಿ ಹರಿದವರಿಗೆ ಹೊಟ್ಟೆ ಇರುವುದಿಲ್ವಾ?"

"ಅಕ್ಕ, ಹಾಗಲ್ಲ..."

"ಹಾಗೆಯೇ. ಬೆಳ್ಳಗೆ ಉಂಟು, ನಿನ್ನ ಮಂಚದಲ್ಲಿ ಮಲಗ್ತದೆ. ಅದು ಮಾಡಿದರೆ ಕಾಯಿಲೆ. ದಾರಿಯಿಂದ ಬಂದವನು ಮಾಡಿದರೆ ಕ್ಯಾರೆಕ್ಟರ್. ನಾಳೆ ಬೆಳಿಗ್ಗೆ ಕಬಕಕ್ಕೆ ಯಾರನ್ನು ಕಳಿಸುವುದು, ಈಗ ಹೇಳು."

ಅವಳ ಕಣ್ಣು ತುಂಬಿತು. ಬಂಗಾರಿಯನ್ನು ಗೋಣಿಯಲ್ಲಿ ತಿರುಗಿಸುವುದನ್ನು ಅವಳು ಮನಸ್ಸಿನಲ್ಲಿ ಕಂಡಿರಬೇಕು. ಕಾಣಲಿ ಎಂದೇ ನಾನು ಹೇಳಿದ್ದು. ಕಂಡ ಮೇಲೆ ಸಾಕು ಎನಿಸಿತು.

"ಯಾರೂ ಹೋಗುವುದಿಲ್ಲ" ಎಂದೆ. "ಬಿಳಿಯದೂ ಇಲ್ಲ. ಆದರೆ ಆ ಡ್ರಮ್ ಹೋಗ್ತದೆ."

ಬಿಳಿಯದು ಮೂಸಿದ ಆ ಡ್ರಮ್ಮಿನ ಮುಚ್ಚಳವನ್ನು ನಾನೂ ಎತ್ತಿ ಮೂಸಿದೆ. ಕಣ್ಣಿಗೆ ಸೂಜಿ ಚುಚ್ಚಿದ ಹಾಗಾಯಿತು. ಕಾನ್ವೆಂಟಿನ ಲ್ಯಾಬಿನಲ್ಲಿ ಕೆಮಿಸ್ಟ್ರಿಯ ಸಿಸ್ಟರ್ ಒಬ್ಬೊಬ್ಬರನ್ನೇ ಕರೆದು ಬಾಟಲಿ ಮೂಸಿಸಿದ್ದು ಮೂಗಿಗೆ ಇನ್ನೂ ನೆನಪಿತ್ತು. ಅಮೋನಿಯಾ. ಬೆಕ್ಕಿನ ಹಳೆಯ ಮೂತ್ರಕ್ಕೂ ಅದೇ ಖಾರ. ನಮ್ಮ ಮನುಷ್ಯರ ಮೂಗಿಗೆ ಅದು ರಬ್ಬರಿನ ಮದ್ದು. ಬಿಳಿಯದರ ಮೂಗಿಗೆ, ಯಾರೋ ದೊಡ್ಡ ಪರದೇಶಿ ಬೆಕ್ಕು ದೀಪಾವಳಿಯ ನಂತರ ಹಿಂಬಾಗಿಲಿಗೆ ಬಂದು ಮೊಕ್ಕಾಂ ಹೂಡಿದೆ. ತನ್ನ ಮನೆ, ತನ್ನ ಮಕ್ಕಳು, ತನ್ನ ಮಂಚ. ಅದು ಸುಮ್ಮನಿರುವುದು ಹೇಗೆ? ಪುತ್ತೂರಿನ ಡಾಕ್ಟರಮ್ಮನಿಗೆ ಫೋನ್ ಮಾಡಿದೆ. "ಆಗಬಹುದು. ಡ್ರಮ್ ತೆಗೆದು ನೋಡಿ. ಬಿಳಿಯದನ್ನೂ ತನ್ನಿ, ಅದಕ್ಕೂ ಆಪರೇಷನ್ ಮಾಡುವ. ಮಕ್ಕಳಿಗೂ" ಎಂದರು.

ಸಂಜೆ ಮೈದುನ ಬಂದ. ಅವನಿಗೆ ವಿಷಯ ಹೇಳಿದವಳು ಓರಗಿತ್ತಿಯೇ. ಕೆಂಚ ಕೋಣೆಯೊಳಗೆ ಇದ್ದದ್ದು, ಬಿಳಿಯದು ಅವಳೆದುರೇ ಮಾಡಿದ್ದು, ಒಂದೂ ಮುಚ್ಚಿಡದೆ ಹೇಳಿದಳು. ಅದು ಅವಳ ದೊಡ್ಡತನ, ಬರೆಯದಿದ್ದರೆ ನನಗೆ ಸಮಾಧಾನವಿಲ್ಲ.

ಮೈದುನ ಮೊದಲು ನಂಬಲಿಲ್ಲ. "ಡ್ರಮ್ ತೆಗ್ದು ಎಲ್ಲಿಡುದು? ಶೆಡ್ಡಿನಿಂದ ಪಿಕಪ್‌ಗೆ ಹೊತ್ತು ತರ್ಲಿಕ್ಕೆ ಎಷ್ಟು ಕಷ್ಟ ಗೊತ್ತುಂಟಾ?"

"ಗೊತ್ತುಂಟು. ಬೆಕ್ಕನ್ನು ಕಬಕಕ್ಕೆ ಹೊತ್ತುಕೊಂಡು ಹೋಗುವಷ್ಟೇ ಕಷ್ಟ" ಎಂದೆ.

ಅವನು ಪಂಚೆ ಮೇಲಕ್ಕೆ ಕಟ್ಟಿ, ಬೈಯುತ್ತಾ, ಡ್ರಮ್ಮನ್ನು ಓರೆ ಮಾಡಿ ಉರುಳಿಸಿಕೊಂಡು ಅಂಗಳದಾಚೆಯ ಶೆಡ್ಡಿಗೆ ಒಯ್ದ. ನಾವಿಬ್ಬರು ಜಗಲಿಗೆ ನೀರು ಸುರಿದು, ಬಿಂಬುಳಿ ಹಾಕಿ, ತೆಂಗಿನ ಕತ್ತದಿಂದ ತಿಕ್ಕಿದೆವು. ಅವಳು ದಾರಂದದ ಎಡಭಾಗ, ನಾನು ಬಲಭಾಗ.

ಮೈದುನ ಕೈ ತೊಳೆದು ಬಂದು ಚಾವಡಿಯಲ್ಲಿ ಕುಳಿತ. ಈಸಿಚೇರಿನ ಮೇಲೆ ಕೆಂಚ.

"ಸರಿ ಅತ್ತಿಗೆ. ಅದು ಇರಲಿ ಇನ್ನು" ಎಂದ, ದೊಡ್ಡ ಮನಸ್ಸು ಮಾಡಿದವರ ಹಾಗೆ.

ಅಲ್ಲಿಗೆ ನಾನು ಸುಮ್ಮನಾಗಬಹುದಿತ್ತು. ಇಷ್ಟು ವರ್ಷ ಎಷ್ಟೋ ಕಡೆ ಸುಮ್ಮನಾಗಿದ್ದೇನೆ. ಸ್ಕೂಲಿನಲ್ಲಿ, ಮದುವೆಮನೆಗಳಲ್ಲಿ, ಹಾಸ್ಟೆಲಿನ ತಂತಿಯ ಕೆಳಗೆ. 'ಇರಲಿ' ಎಂದವರಿಗೆ ಥ್ಯಾಂಕ್ಯೂ ಹೇಳಿ ಮೂಲೆ ಹಿಡಿದು ಕುಳಿತವಳು ನಾನು. ಆ ದಿನ ಆಗಲಿಲ್ಲ.

"ಇರಲಿ ಅಂತ ಹೇಳ್ಲಿಕ್ಕೆ ಅವನೇನು ನೆಂಟನಾ?" ಎಂದೆ. "ತಪ್ಪು ಮಾಡದೆ ಕತ್ತರಿ ಹಾಕಿಸಿಕೊಂಡವನು. ಇನ್ನೊಂದು ರಾತ್ರಿ ಕಳೆದಿದ್ದರೆ ಹೊಳೆಯಾಚೆ. ಇದು ನಿನ್ನ ಮನೆ ಅಂತ ಅವನ ಹತ್ತಿರ ಹೇಳು. ಅವನಿಗೆ ಹೇಳು, ನನಗಲ್ಲ."

"ಬೆಕ್ಕಿನ ಹತ್ರವಾ?"

"ಬೆಕ್ಕಿನ ಹತ್ತಿರ."

"ಅತ್ತಿಗೆ, ನಿಮಗೆ ಮರ್ಲು" ಎಂದು ಅವನು ನಗಲು ನೋಡಿದ. ಅಡುಗೆಮನೆಯ ಬಾಗಿಲಲ್ಲಿ ಓರಗಿತ್ತಿ ಕೈ ಒರಸಿಕೊಳ್ಳುತ್ತಾ ನಿಂತಿದ್ದಳು.

"ಹೇಳಿ ನೀವು" ಎಂದಳು ಗಂಡನಿಗೆ. "ಹೇಳಿದ್ರೆ ನಿಮ್ಮ ಗಂಟೇನೂ ಹೋಗುದಿಲ್ಲ."

ಅವನು ಅವಳನ್ನು ನೋಡಿದ, ನನ್ನನ್ನು ನೋಡಿದ. ಕೊನೆಗೆ ಕುರ್ಚಿಯ ಕಡೆ ತಿರುಗಿ, ಗಂಟಲು ಸರಿಮಾಡಿಕೊಂಡು, ಪಂಚಾಯತಿನಲ್ಲಿ ಮಾತಾಡುವವರ ಹಾಗೆ, "ಇದು ನಿನ್ನ ಮನೆ ಮಾರಾಯ" ಎಂದ.

ಕೆಂಚ ಎದ್ದು ನಿಂತ. ಬೆನ್ನು ಬಿಲ್ಲಿನಂತೆ ಬಾಗಿಸಿ, ಮುಂಗಾಲಿನ ಉಗುರುಗಳಿಂದ ನನ್ನ ಗಂಡನ ಕುರ್ಚಿಯ ಬಟ್ಟೆಯನ್ನು ಪರಪರ ಕೆರೆದ. ಆಮೇಲೆ ಒಂದು ಸುತ್ತು ತಿರುಗಿ, ನಮ್ಮ ಮೂವರಿಗೂ ಬೆನ್ನು ಹಾಕಿ ಮಲಗಿದ.